ಡಿ ಡ್ರೈವಿನಲ್ಲಿದ್ದ ದನಿ

ಮೊದಲು ಖರ್ಚು ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು. ದುಬೈಯ ಡೇಟಾ ರಿಕವರಿ ಲ್ಯಾಬಿಗೆ ನೂರ ನಲವತ್ತು ರಿಯಾಲ್, ಡಿಸ್ಕ್ ಹೋಗಿ ಬರಲು ಕೊರಿಯರ್‌ಗೆ ಹದಿನಾರು, ಅಳಿಸಿಹೋದ ಫೈಲ್ ಹುಡುಕುವ ಸಾಫ್ಟ್‌ವೇರಿಗೆ ಇಪ್ಪತ್ತೆಂಟು. ಮೂರರಲ್ಲಿ ಒಂದಕ್ಕೂ ಚೌಕಾಸಿ ಮಾಡಲಿಲ್ಲ. ನಾನು ಯಾವ ಸ್ಥಿತಿಯಲ್ಲಿದ್ದೆ ಎಂದು ತಿಳಿಯಲು ಒಮಾನಿನ ಈ ರೂವಿಯಲ್ಲಿ ನನ್ನನ್ನು ಬಲ್ಲವರಿಗೆ ಇದೊಂದು ಮಾತು ಸಾಕು. ಆದರೆ ಅದು ನನ್ನ ಜೇಬಿನಿಂದ ಹೋದದ್ದು, ಮತ್ತೆ ದುಡಿದರೆ ತುಂಬುವಂಥದ್ದು. ನಿಜವಾದ ಬೆಲೆ ತೆತ್ತವರು ಬೇರೆಯವರು. ಅವರ ಸಾವಿರದ ನಾಲ್ಕುನೂರ ಹನ್ನೆರಡು ವಾಕ್ಯಗಳು ಹೋದವು, ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿಟ್ಟದ್ದು. ಅವನ್ನು ಮತ್ತೊಮ್ಮೆ ಹೇಳಲು ಅವರಿಗೆ ಈಗ ಧ್ವನಿಪೆಟ್ಟಿಗೆ ಇಲ್ಲ.

ಕಾರಣ ಸಣ್ಣದು. ಓದಲು ಬಾರದ ಅಕ್ಷರಗಳ ಮುಂದೆ ಕೂತು, ಕೈಗೆ ಅಂಟಿದ ಅಭ್ಯಾಸವನ್ನು ನಂಬಿ, ಬಲಗಡೆಯ ಬಟನ್ ಒತ್ತಿದೆ.

ನನ್ನದು ರೂವಿಯ ಒಳಗಲ್ಲಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ದನಿ ಕಳೆದುಕೊಂಡ ಅವರು ಅಲ್ ಖುವೈರ್‌ನ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್, ಮಂಗಳೂರು ಕಡೆಯ ಕ್ರಿಶ್ಚಿಯನ್. ನಮ್ಮ ಕಡೆ ತುಳುವಿನಲ್ಲಿ ಹಾಗಿನವರನ್ನು ಪೊರ್ಬುಗಳು ಎನ್ನುತ್ತೇವೆ. ನಾನೂ ಹಾಗೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ. ಊರವರ ಪಿಕ್‌ನಿಕ್ ಇರಲಿ, ಮದುವೆಯ ರಿಸೆಪ್ಷನ್ ಇರಲಿ, ಮೈಕ್ ಅವರ ಕೈಯಲ್ಲೇ. ಹೌಸಿ ಆಟದ ನಂಬರ್ ಕೂಗಲು ಅವರೇ ಬೇಕು. ಪ್ರತಿ ನಂಬರಿಗೂ ಒಂದು ತಮಾಷೆ ಸೇರಿಸಿ ಕೂಗುತ್ತಿದ್ದರು. ಸೋತವರೂ ನಗುತ್ತಾ ಟಿಕೆಟ್ ಹರಿಯುತ್ತಿದ್ದರು.

ಗಂಟಲಲ್ಲಿ ಗಡ್ಡೆ ಎಂದು ಗೊತ್ತಾದಾಗ ಡಾಕ್ಟರು ಐದು ವಾರದ ಅವಧಿ ಕೊಟ್ಟರು. ಧ್ವನಿಪೆಟ್ಟಿಗೆ ತೆಗೆಯಲೇಬೇಕು. ಅದಕ್ಕೆ ಮೊದಲು ಬೇಕಾದ ಮಾತನ್ನೆಲ್ಲ ರೆಕಾರ್ಡ್ ಮಾಡಿಟ್ಟುಕೊಂಡರೆ ಮುಂದೆ ಬಟನ್ ಒತ್ತಿ ತಮ್ಮದೇ ದನಿಯಲ್ಲಿ ಮಾತಾಡಬಹುದು ಎಂದು ಆಸ್ಪತ್ರೆಯವರು ಹೇಳಿದ್ದರು. ಮೈಕ್ ಕೊಡಿಸಲು ಅವರು ಬಂದದ್ದು ನನ್ನ ಅಂಗಡಿಗೆ. ಪರೀಕ್ಷೆಗೆ ಏನಾದರೂ ಹೇಳಿ ಎಂದೆ. "ಶೆಟ್ರೇ, ನಿಮ್ಮ ರೇಟು ಕೇಳಿಯೇ ನನ್ನ ಗಂಟಲು ಕಟ್ಟಿದ್ದು ಮಾರಾಯ್ರೆ," ಎಂದರು. ಅದೇ ಮೊದಲ ಫೈಲ್. ಅಳಿಸಬೇಡಿ, ಮುಂದೆ ಬೇಕಾಗ್ತದೆ ಎಂದು ಇಟ್ಟುಕೊಂಡರು.

ಐದು ವಾರವೂ ಅವರು ರೆಕಾರ್ಡ್ ಮಾಡಿದ್ದು ತಮ್ಮ ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗಿನಲ್ಲಿ, ಕಾರಿನೊಳಗೆ ಕೂತು. ಮನೆಯಲ್ಲಿ ಏಸಿಯ ಸದ್ದು. ಕಾರಿನಲ್ಲಿ ಏಸಿ ಆರಿಸಿ, ಗಾಜು ಏರಿಸಿ, ಆ ಜೂನ್ ತಿಂಗಳ ಸೆಕೆಯಲ್ಲಿ ಬನಿಯನ್ ಹಾಕಿಕೊಂಡು ಹತ್ತತ್ತು ನಿಮಿಷ. ಹೆಂಡತಿಗೆ ಕೊಂಕಣಿಯಲ್ಲಿ, ಗೆಳೆಯರಿಗೆ ತುಳುವಿನಲ್ಲಿ, ಬೇರೆಯವರಿಗೆ ಕನ್ನಡದಲ್ಲಿ, ಮಗಳು ಉತ್ತರ ಕೊಡುವುದೇ ಇಂಗ್ಲಿಷಿನಲ್ಲಾದ್ದರಿಂದ ಅವಳಿಗೆ ಇಂಗ್ಲಿಷಿನಲ್ಲಿ. ಫೈಲಿಗೆ ಹೆಸರಿಡುವುದು, ಫೋಲ್ಡರ್ ಮಾಡುವುದು ನಾನೇ ಕಲಿಸಿದ್ದು. ಊಟ, ಆಸ್ಪತ್ರೆ, ಆಫೀಸ್, ಜಗಳ, ತಮಾಷೆ ಎಂದು ಫೋಲ್ಡರ್‌ಗಳು. ಕೊನೆಯದರ ಹೆಸರು ತೊಂಬತ್ತು. ಅದರಲ್ಲಿ ಹೌಸಿಯ ಒಂದರಿಂದ ತೊಂಬತ್ತರವರೆಗಿನ ನಂಬರುಗಳು, ತಮಾಷೆ ಸಮೇತ. ಫೋನಿನಲ್ಲಿ ಜಾಗ ಸಾಲದೆ ಎಲ್ಲವನ್ನೂ ಲ್ಯಾಪ್‌ಟಾಪಿನ ಡಿ ಡ್ರೈವಿಗೆ ಹಾಕಿ ಫೋನಿನಿಂದ ಅಳಿಸಿದರು. ಊರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಎರಡೂವರೆ ತಿಂಗಳ ಮೇಲೆ ಮರಳಿ ಬಂದರು. ಕೊರಳ ಕೆಳಗೆ ಉಸಿರಾಡಲು ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ.

ಲ್ಯಾಪ್‌ಟಾಪನ್ನು ನನ್ನಲ್ಲಿಗೆ ತಂದದ್ದು ಅವರ ಹೆಂಡತಿ, ನಾನು ಬಾಯಮ್ಮ ಎಂದು ಕರೆಯುವವರು, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ. ತೊಂದರೆ ಏನೆಂದು ಅವರೇ ವಿವರಿಸಿದರು. ಬಟನ್ ಒತ್ತಿದರೆ ರೆಕಾರ್ಡಿಂಗ್ ನುಡಿಸುವ ಒಂದು ಪ್ರೋಗ್ರಾಂ ಮಗಳು ಹುಡುಕಿದ್ದಾಳೆ. ಅದು ಹಳೆಯ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಓಡುವುದಿಲ್ಲ. ಆದ್ದರಿಂದ ಭಾನುವಾರ ಸಂಜೆ ವಿಂಡೋಸ್ ಹತ್ತರಿಂದ ವಿಂಡೋಸ್ ಹನ್ನೊಂದಕ್ಕೆ ಅಪ್‌ಗ್ರೇಡ್ ಮಾಡಿದ್ದಾಳೆ. ಆದ ಮೇಲೆ ನೋಡಿದರೆ ಪರದೆಯೆಲ್ಲ ಅರಬ್ಬಿ. ಅದೂ ಸಾಲದೆ, ಸಿ ಡ್ರೈವ್ ತುಂಬಿದೆ, ಪ್ರೋಗ್ರಾಂ ಇನ್‌ಸ್ಟಾಲ್ ಆಗುತ್ತಿಲ್ಲ.

ಅರಬ್ಬಿ ಏಕೆ ಬಂತು ಎಂಬುದು ನನಗೆ ಕೂಡಲೇ ಗೊತ್ತಾಯಿತು. ಅದು ಯಾವುದೋ ಸರಕಾರಿ ಕಚೇರಿಯ ಹಳೆಯ ಮಾಲಿನ ಹರಾಜಿನಲ್ಲಿ ನಾನೇ ಲಾಟಿನಲ್ಲಿ ಹಿಡಿದು ಅವರಿಗೆ ಮಾರಿದ ಲ್ಯಾಪ್‌ಟಾಪ್. ಮೂಲ ಭಾಷೆ ಅರಬ್ಬಿ. ಮೇಲಿಂದ ಇಂಗ್ಲಿಷ್ ಹೊದಿಸಿ ಕೊಟ್ಟಿದ್ದೆ. ಅಪ್‌ಗ್ರೇಡಿನಲ್ಲಿ ಆ ಹೊದಿಕೆ ಬಿದ್ದುಹೋಗಿ ಮೂಲ ಎದ್ದು ಬಂದಿತ್ತು.

ಈಗ ನನ್ನ ಅಂಗಡಿಯ ಒಂದು ಪದ್ಧತಿ ಹೇಳಬೇಕು, ಎಲ್ಲ ನಿಂತಿರುವುದು ಅದರ ಮೇಲೆ. ಯಾರೇ ಗಿರಾಕಿ ಬಂದರೂ ಮೊದಲು ಜಾಬ್ ಕಾರ್ಡ್ ಬರೆಯುತ್ತೇನೆ. ಹೆಸರು, ಮಾಡೆಲ್, ತೊಂದರೆ. ಅದರ ಕೆಳಗೆ ಒಂದು ಚೌಕ: ಡೇಟಾ ಕಾಪಿ ಆಯಿತೇ? ಆ ಚೌಕಕ್ಕೆ ಟಿಕ್ ಬೀಳದೆ ಸ್ಕ್ರೂ ಡ್ರೈವರ್ ಎತ್ತುವುದಿಲ್ಲ. ಆದರೆ ನಮ್ಮವರು ಬಂದರೆ ಕಾರ್ಡ್ ಬರೆಯುವುದಿಲ್ಲ. ಕಾರ್ಡ್ ಬರೆದರೆ ಬಿಲ್ ಮಾಡಿದ ಹಾಗೆ. ನಮ್ಮವರಿಗೆ ಬಿಲ್ ಮಾಡಿದರೆ ಅವಮಾನ ಮಾಡಿದ ಹಾಗೆ. ಅವರ ಕೆಲಸ ಚಹಾ ಕುಡಿಯುತ್ತಾ ನಿಂತಲ್ಲೇ ಆಗುತ್ತದೆ. ಗಲ್ಫಿನಲ್ಲಿ ಅಂಗಡಿ ಇಟ್ಟ ನಮ್ಮ ಕಡೆಯವರಲ್ಲಿ ಹತ್ತಕ್ಕೆ ಒಂಬತ್ತು ಜನ ಹೀಗೇ. ಹಣ ಕೊಟ್ಟವನ ಕೆಲಸ ನಿಯಮದಿಂದ, ನಮ್ಮವರ ಕೆಲಸ ಪ್ರೀತಿಯಿಂದ.

ಎಷ್ಟಾಗುತ್ತದೆ ಎಂದು ಅವರು ಕೇಳಿದರು. ನಿಮ್ಮ ಹತ್ತಿರ ದುಡ್ಡು ತಗೊಂಡರೆ ಪೊರ್ಬುಗಳು ನನ್ನನ್ನು ಮೈಕಿನಲ್ಲಿ ಬೈಯುತ್ತಾರೆ ಎಂದೆ. ಅಂದ ಮೇಲೆ ನನ್ನ ನಾಲಿಗೆ ಕಚ್ಚಿಕೊಂಡೆ. ಅವರು ಬೇಸರ ಮಾಡಲಿಲ್ಲ. "ಬೈಲಿಕ್ಕೆ ಆಗುವ ಹಾಗೆ ಮಾಡಿ ಕೊಡಿ ಅಣ್ಣ, ಅಷ್ಟು ಸಾಕು," ಎಂದರು. ಮತ್ತೆ ಬಾಗಿಲ ತನಕ ಹೋಗಿ ತಿರುಗಿ ಬಂದರು.

"ಅಣ್ಣ, ರೆಕಾರ್ಡಿಂಗ್ ಎಲ್ಲ ಇದರಲ್ಲೇ ಉಂಟು. ಮೊದಲು ಒಂದು ಕಾಪಿ ತೆಗೆದಿಡುವುದಾ?"

"ಬೇಡ ಬಾಯಮ್ಮ. ಡಿ ಡ್ರೈವಿಗೆ ನಾನು ಕೈಯೇ ಹಾಕುವುದಿಲ್ಲ. ಸಿ-ಗೆ ಸ್ವಲ್ಪ ಜಾಗ ಕೊಡುವುದು, ಎರಡು ನಿಮಿಷದ ಕೆಲಸ. ಸಂಜೆ ಬನ್ನಿ."

ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಆಗ ಏಳು ಖಾಲಿ ಡಿಸ್ಕುಗಳಿದ್ದವು.

ಕೆಲಸ ಶುರುವಾಯಿತು. ಮೊದಲು ಇಂಗ್ಲಿಷ್ ತರೋಣ ಎಂದು ಭಾಷೆಯ ಪ್ಯಾಕ್ ಇಳಿಸಲು ಹೋದೆ. ಸಿ-ಯಲ್ಲಿ ಜಾಗವಿಲ್ಲ, ಅರ್ಧಕ್ಕೇ ನಿಂತಿತು. ಭಾಷೆ ಬರಲು ಜಾಗ ಬೇಕು; ಜಾಗ ಮಾಡಲು ಡಿಸ್ಕ್ ಮ್ಯಾನೇಜ್‌ಮೆಂಟ್ ಬೇಕು. ಡಿಸ್ಕನ್ನು ಭಾಗ ಮಾಡುವುದು, ಸೇರಿಸುವುದು, ಅಳಿಸುವುದು ಎಲ್ಲ ಅದರೊಳಗೆ. ಹಳೆಯದರಲ್ಲಿ ಅದು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಇಲ್ಲಿ ಸ್ಟಾರ್ಟ್ ಬಟನ್ ಮಧ್ಯಕ್ಕೆ ಸರಿದಿತ್ತು, ಗಡಿಯಾರ ಎಡಕ್ಕೆ ಹೋಗಿತ್ತು, ಇಡೀ ಪರದೆ ಕನ್ನಡಿಯಲ್ಲಿ ನೋಡಿದ ಹಾಗೆ ತಿರುವುಮುರುವು. ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಹೆಸರು ಟೈಪ್ ಮಾಡಿದರೆ ಅಂಥದ್ದೇನೂ ಇಲ್ಲ ಎನ್ನುತ್ತದೆ. ಏಕೆಂದರೆ ಅದರ ಹೆಸರೇ ಅರಬ್ಬಿಯಾಗಿದೆ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋದೆ. ಮೊದಲು ಅಡ್ಮಿನಿಸ್ಟ್ರೇಟಿವ್ ಟೂಲ್ಸ್ ಎಂಬ ಫೋಲ್ಡರ್ ಇರುತ್ತಿತ್ತು. ಹೊಸದರಲ್ಲಿ ಅದನ್ನೂ ಬೇರೆಯದನ್ನೂ ಸೇರಿಸಿ ಬೇರೊಂದು ಹೆಸರು ಕೊಟ್ಟಿದ್ದಾರೆ. ಆ ಹೆಸರೂ ಅರಬ್ಬಿ. ಚಿತ್ರ ನೋಡಿ ಊಹಿಸಿ ತೆರೆದದ್ದೆಲ್ಲ ಬೇರೆಯೇ. ಪ್ರಿಂಟರಿನದ್ದು ಬಂತು, ಫಾಂಟಿನದ್ದು ಬಂತು.

ಮುಕ್ಕಾಲು ಗಂಟೆ ಹೀಗೆ ಹೋಯಿತು. ಓದುವವರಿಗೆ ಅನಿಸಬಹುದು, ಇಪ್ಪತ್ತೆರಡು ವರ್ಷ ಒಮಾನಿನಲ್ಲಿದ್ದು ಅರಬ್ಬಿ ಬರುವುದಿಲ್ಲವೇ ಎಂದು. ಮಾತು ಚೆನ್ನಾಗಿ ಬರುತ್ತದೆ. ಇಲ್ಲಿನ ಪೇಟೆಯಲ್ಲಿ, ಸೂಕಿನಲ್ಲಿ, ನನ್ನೊಡನೆ ಚೌಕಾಸಿಗೆ ನಿಂತವರು ಕೊನೆಗೆ ಖಲಾಸ್ ಎಂದು ಕೈ ಎತ್ತುತ್ತಾರೆ. ಅಂಕಿಗಳು ಕಾರಿನ ನಂಬರ್ ಪ್ಲೇಟ್ ನೋಡಿ ಕಲಿತೆ. ಅಕ್ಷರ ಮಾತ್ರ ಕಲಿಯಲಿಲ್ಲ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದು ಗೋಡೌನಿನಲ್ಲಿ ಪೆಟ್ಟಿಗೆ ಹೊತ್ತವನು ನಾನು. ಬಾಯಿಯಿಂದ ಆಗುವ ಕೆಲಸಕ್ಕೆ ಕಣ್ಣು ಏಕೆ ಸವೆಸಬೇಕು ಎಂದುಕೊಂಡೆ. ಅಕ್ಷರ ಬಲ್ಲವರೊಬ್ಬರು ಹತ್ತು ಹೆಜ್ಜೆ ದೂರದಲ್ಲೇ ಇದ್ದರು: ಪಕ್ಕದ ಟೈಪಿಂಗ್ ಸೆಂಟರಿನ ಒಮಾನಿ ಮುದುಕರು, ವೀಸಾ ಅರ್ಜಿ, ಬಾಡಿಗೆ ಕರಾರು ಬರೆದು ಕೊಡುವವರು. ಅಂಗಡಿ ತುಂಬ ಜನ ಇದ್ದಾಗ, ನಿಮ್ಮ ಮೊಮ್ಮಗನಿಗಿಂತ ನನ್ನ ಅರಬ್ಬಿ ಚೆಂದ ಎಂದು ಅವರನ್ನು ಎಷ್ಟೋ ಸಲ ಕೆಣಕಿದ್ದೆ. ಈಗ ಹೋಗಿ ಇದನ್ನು ಓದಿ ಹೇಳಿ ಎನ್ನಲು ಮನಸ್ಸಾಗಲಿಲ್ಲ.

ಕೊನೆಗೆ ಹೊಳೆಯಿತು. ಹೆಸರು ಬದಲಾದರೂ ಒಳಗಿನ ಕಮಾಂಡ್ ಬದಲಾಗುವುದಿಲ್ಲ. ವಿಂಡೋಸ್ ಕೀ ಮತ್ತು ಆರ್ ಒತ್ತಿದೆ, ಸಣ್ಣ ಪೆಟ್ಟಿಗೆ ಬಂತು. ಬೆರಳಿಟ್ಟರೆ ಇಲ್ಲಿ ಕೀಬೋರ್ಡ್ ಮತ್ತೆ ಅರಬ್ಬಿಗೆ ಮರಳಿತ್ತು. ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದೆ, ಕೀಬೋರ್ಡ್ ಇಂಗ್ಲಿಷಿಗೆ ತಿರುಗಿತು. diskmgmt.msc ಎಂದು ಟೈಪ್ ಮಾಡಿ ಎಂಟರ್ ಒತ್ತಿದೆ. ಕಳೆದುಹೋಗಿದೆ ಎಂದುಕೊಂಡದ್ದು ತಟ್ಟನೆ ಎದುರು ಬಂದು ನಿಂತಿತು. ಗೆದ್ದೆ ಎನಿಸಿತು. ಗೆದ್ದವನು ಅಲ್ಲಿಗೆ ಕೈ ತೆಗೆದು ಒಂದು ಲೋಟ ನೀರು ಕುಡಿಯಬೇಕಿತ್ತು.

ಡಿಸ್ಕಿನಲ್ಲಿ ಮೂರು ದೊಡ್ಡ ಭಾಗಗಳಿದ್ದವು. ಸಿ, ಅದಕ್ಕೆ ತಾಗಿ ಇ, ಕೊನೆಗೆ ಡಿ. ಇ ಹಿಂದಿನ ಕಚೇರಿಯವರು ಬಿಟ್ಟುಹೋದದ್ದು, ಖಾಲಿ. ಅದನ್ನು ಅಳಿಸಿ ಆ ಜಾಗವನ್ನು ಸಿ-ಗೆ ಸೇರಿಸಿದರೆ ಮುಗಿಯಿತು. ಪರದೆ ತಿರುವಿದ್ದರಿಂದ ಸಿ ಬಲತುದಿಯಲ್ಲಿ, ಡಿ ಎಡತುದಿಯಲ್ಲಿ ಕಾಣುತ್ತಿತ್ತು. ಅಳಿಸುವ ಮೊದಲು ಯಾವುದರಲ್ಲಿ ಮಾಲಿದೆ ಎಂದು ಖಚಿತ ಮಾಡಿಕೊಳ್ಳೋಣ, ಜಾಗ್ರತೆ ಒಳ್ಳೆಯದು ಎಂದು ಡಿ-ಯ ಮೇಲೆ ರೈಟ್ ಕ್ಲಿಕ್ ಮಾಡಿದೆ. ಮೆನು ಇಳಿಯಿತು. ಇಂಗ್ಲಿಷಿನಲ್ಲಿ ಕೆಳಗಿನಿಂದ ಮೊದಲನೆಯದು ಹೆಲ್ಪ್, ಎರಡನೆಯದು ಪ್ರಾಪರ್ಟೀಸ್, ಮೂರನೆಯದು ಡಿಲೀಟ್. ನನಗೆ ಬೇಕಾದದ್ದು ಎರಡನೆಯದು. ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ಒಂದಕ್ಕೆ ಅಂಗಡಿ ಮುಚ್ಚಿ ನಾಲ್ಕಕ್ಕೆ ತೆರೆಯುವುದು ನಮ್ಮ ಕ್ರಮ. ಎದುರಿನ ಅಂಗಡಿಯವನು ಆಗಲೇ ಶಟರ್ ಎಳೆಯುತ್ತಿದ್ದ. ಕೈ ಒಂದು ಸಾಲು ಮೇಲೆ ಬಿತ್ತು.

ಹಳದಿ ತ್ರಿಕೋನದ ಒಂದು ಪೆಟ್ಟಿಗೆ ಎದ್ದಿತು. ಎರಡು ಸಾಲು ಅರಬ್ಬಿ, ಎರಡು ಬಟನ್. ಇದು ಬೇರೇನೋ ಎಂದು ಗೊತ್ತಾಯಿತು; ಅದು ನನಗೆ ಗೊತ್ತಾಯಿತು ಎಂಬುದನ್ನು ನೀವು ನೆನಪಿಡಬೇಕು. ನಾನು ಒತ್ತಲು ಹೋದದ್ದು ಬೇಡ ಎನ್ನುವ ಬಟನ್ನನ್ನೇ. ನನ್ನ ಕೈಗೆ ತಿಳಿದ ಎಲ್ಲ ಪೆಟ್ಟಿಗೆಗಳಲ್ಲೂ ಹೌದು ಎಡಕ್ಕೆ, ಬೇಡ ಬಲಕ್ಕೆ. ಬಲಗಡೆಯದನ್ನು ಒತ್ತಿದೆ. ಅರಬ್ಬಿ ಬಲದಿಂದ ಎಡಕ್ಕೆ ಓದುವ ಭಾಷೆ. ಬಟನ್ನುಗಳೂ ಹಾಗೇ ಸಾಲಾಗಿ ನಿಂತಿದ್ದವು.

ಎಡತುದಿಯ ಭಾಗದ ನೀಲಿ ಪಟ್ಟಿ ಕಪ್ಪಾಯಿತು. ಸದ್ದಿಲ್ಲ, ಎಚ್ಚರಿಕೆಯಿಲ್ಲ. ಒಂದು ಸೆಕೆಂಡೂ ಹಿಡಿಯಲಿಲ್ಲ.

ಆಗ ಹೋದೆ ಟೈಪಿಂಗ್ ಸೆಂಟರಿಗೆ. ಮುದುಕರು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಕೈ ಹಿಡಿದು ಕರೆತಂದೆ. ಕನ್ನಡಕ ಏರಿಸಿ ಆ ಕಪ್ಪು ಪಟ್ಟಿಯ ಕೆಳಗಿನ ಎರಡು ಶಬ್ದ ಓದಿದರು. ನನ್ನೊಡನೆ ಅವರು ಮಾತಾಡುವುದು ಹಿಂದಿಯಲ್ಲಿ. ಯಾರಿಗೂ ಹಂಚದ ಜಾಗ ಎಂದು ಬರೆದಿದೆ, ನಮ್ಮ ಭೂಮಿ ಕಾಗದದಲ್ಲಿ ಖಾಲಿ ಪ್ಲಾಟಿಗೆ ಬರೆಯುವ ಹಾಗೆ, ಎಂದರು. ಅದಕ್ಕೆ ಮೊದಲು ಬಂದ ಪೆಟ್ಟಿಗೆಯಲ್ಲಿ ಏನಿತ್ತೆಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಬಟನ್ನಿನ ಮೇಲಿನ ಅಕ್ಷರ ನೆನಪಿದೆಯೇ ಎಂದರು. ಮೂರಕ್ಷರ, ಮೊದಲನೆಯದರ ಮೇಲೆ ಒಂದು ಚುಕ್ಕೆ ಎಂದೆ. ಅವರು ಮೇಜಿನ ಮೇಲಿದ್ದ ಬಿಲ್ಲಿನ ಹಿಂದೆ ಒಂದು ಶಬ್ದ ಬರೆದು ತೋರಿಸಿದರು. ಅದೇ.

"ನಅಮ್," ಎಂದರು. ಹೌದು ಎಂದರ್ಥ. ನಾನು ದಿನಕ್ಕೆ ನೂರು ಸಲ ಬಾಯಲ್ಲಿ ಹೇಳುವ ಮಾತು. ಬರೆದದ್ದನ್ನು ಅವತ್ತೇ ಮೊದಲು ಗುರುತಿಸಿದ್ದು.

ಮುದುಕರು ಆ ಬಿಲ್ಲನ್ನು ನನ್ನ ಮುಂದೆ ಇಟ್ಟರು. "ಸದೀಖ್, ಗೆಳೆಯಾ, ನಾನು ಗೋಡೆಯ ಆಚೆಯೇ ಇದ್ದೆನಲ್ಲ," ಎಂದು ಹೋದರು.

ಮುಂದಿನದು ಕೆಲಸದ ವಿವರ. ಹಳೆಯ ಕಾಲದ, ತಿರುಗುವ ತಟ್ಟೆಯ ಡಿಸ್ಕಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅದರಲ್ಲಿ ಒಂದು ಭಾಗ ಅಳಿಸಿದರೆ ಪುಸ್ತಕದ ಪರಿವಿಡಿ ಹರಿದ ಹಾಗೆ. ಪುಟಗಳು ಒಳಗೇ ಇರುತ್ತವೆ, ತಾಳ್ಮೆಯಿಂದ ಹುಡುಕಿದರೆ ಸಿಗುತ್ತವೆ. ಹಾಗೆ ನೂರಾರು ಜನರ ಮದುವೆ ಫೋಟೋ ತೆಗೆದುಕೊಟ್ಟಿದ್ದೇನೆ. ಇದು ಎಸ್ಎಸ್‌ಡಿ, ತಟ್ಟೆಯಿಲ್ಲದ ಚಿಪ್ ಡಿಸ್ಕ್. ಇದರಲ್ಲಿ ಟ್ರಿಮ್ ಎಂಬ ಒಂದು ವ್ಯವಸ್ಥೆ ಇದೆ. ಅಳಿಸಿದ ಕೂಡಲೇ, ಈ ಜಾಗ ಇನ್ನು ಬೇಡ ಎಂದು ಸಿಸ್ಟಂ ಡಿಸ್ಕಿಗೆ ಹೇಳುತ್ತದೆ. ಡಿಸ್ಕ್ ತಾನೇ ಕೂತು ಆ ಪುಟಗಳನ್ನು ಒರೆಸುತ್ತದೆ. ವಿದ್ಯುತ್ ಇದ್ದಷ್ಟು ಹೊತ್ತೂ ಒರೆಸುತ್ತಿರುತ್ತದೆ. ನಾನು ಮುದುಕರನ್ನು ಕರೆತಂದು ಓದಿಸುತ್ತಿದ್ದ ಆ ಹತ್ತು ನಿಮಿಷವೂ ಲ್ಯಾಪ್‌ಟಾಪ್ ಚಾಲೂ ಇತ್ತು.

ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದೆ, ಏನೂ ಬರೆಯಲಾಗದ ಹಾಗೆ ಲಾಕ್ ಮಾಡಿ. ಆ ದಿನ ಅಂಗಡಿಯನ್ನು ನಾಲ್ಕಕ್ಕೆ ತೆರೆಯಲಿಲ್ಲ, ಮರುದಿನವೂ ತೆರೆಯಲಿಲ್ಲ. ಶಟರ್ ಅರ್ಧ ಎಳೆದು ಒಳಗೆ ಕೂತೆ. ಮೊದಲ ಸಾಫ್ಟ್‌ವೇರ್ ಡಿ ಇದ್ದ ಜಾಗದ ಗಡಿ ತೋರಿಸಿತು, ಆಸೆ ಹುಟ್ಟಿತು. ಒಳಗೆ ಓದಿದರೆ ಸೊನ್ನೆ. ಎರಡನೆಯದು, ದುಡ್ಡು ಕೊಟ್ಟು ಕೊಂಡದ್ದು, ಆರು ಗಂಟೆ ಓಡಿ ಹನ್ನೊಂದು ಫೈಲ್ ಹೆಸರು ಕೊಟ್ಟಿತು. ತೆರೆದರೆ ಎಲ್ಲವೂ ಮೂಕ. ಹೆಸರು ಉಳಿದಿತ್ತು, ದನಿ ಇಲ್ಲ. ಅದರಲ್ಲೊಂದು ಹೆಸರು ಜಗಳ ಹದಿನಾಲ್ಕು.

ಮಂಗಳವಾರ ಸಂಜೆ ಬಂದ ಬಾಯಮ್ಮನಿಗೆ ಸ್ವಲ್ಪ ತಡ ಆಗುತ್ತದೆ ಎಂದೆ. ಗುರುವಾರ ಡಿಸ್ಕನ್ನು ದುಬೈಗೆ ಕಳಿಸಿದೆ. ದಿನವೂ ಸಂಜೆ ಆರಕ್ಕೆ ಪೊರ್ಬುಗಳ ಮೆಸೇಜ್ ಬರುತ್ತಿತ್ತು, ಕನ್ನಡದಲ್ಲೇ ಟೈಪ್ ಮಾಡಿದ್ದು. ಆಯ್ತಾ ಶೆಟ್ರೇ? ಮರುದಿನ, ಅವಸರ ಇಲ್ಲ ಮಾರಾಯ್ರೆ, ಸುಮ್ಮನೆ ಕೇಳಿದ್ದು. ಒಂದು ದಿನ ಫೋಟೋ ಕಳಿಸಿದರು: ಮಗಳೂ ಅವರೂ ಕೂತು ಡ್ರಾಯಿಂಗ್ ಹಾಳೆಯ ಮೇಲೆ ಬಟನ್ನುಗಳ ಚಿತ್ರ ಬರೆದಿದ್ದಾರೆ, ಯಾವ ಬಣ್ಣದ ಬಟನ್ ಎಲ್ಲಿ ಎಂದು. ಊಟಕ್ಕೆ ಹಸಿರು, ಜಗಳಕ್ಕೆ ಕೆಂಪು. ನಾನು ಹೆಬ್ಬೆರಳಿನ ಗುರುತು ಒತ್ತಿ ಕಳಿಸಿದೆ. ಆ ಹೆಬ್ಬೆರಳು ಈಗಲೂ ಆ ಚಾಟಿನಲ್ಲಿದೆ.

ಮುಂದಿನ ಮಂಗಳವಾರ ಲ್ಯಾಬಿನಿಂದ ಫೋನ್ ಬಂತು. ಏನೂ ಇಲ್ಲ ಎಂದರು.

ಈಗ ನಾಚಿಕೆಯ ಭಾಗ. ನಾನು ವ್ಯಾಪಾರಿ; ಎದುರಿನವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಅಳೆಯುವುದು ನನಗೆ ಉಸಿರಾಟದಷ್ಟು ಸಹಜ. ಅಪ್‌ಗ್ರೇಡಿನಲ್ಲಿ ಡಿಸ್ಕ್ ಹಾಳಾಗುವುದು ಎಲ್ಲರೂ ಕೇಳಿದ ವಿಷಯ. ಯಾರೂ ನನ್ನನ್ನು ಕೇಳುವುದಿಲ್ಲ. ಪೊರ್ಬುಗಳಿಗೆ ಹೀಗೆ ಬರೆದೆ: ಅಪ್‌ಗ್ರೇಡ್ ಆಗುವಾಗಲೇ ಡಿ ಡ್ರೈವ್ ಹೋಗಿದೆ, ದುಬೈ ತನಕ ಕಳಿಸಿ ನೋಡಿದೆ, ಆಗಲಿಲ್ಲ. ಓದಿದ ಗುರುತಿನ ಎರಡು ನೀಲಿ ಗೆರೆ ಬಂದವು. ಆ ಸಂಜೆ ಉತ್ತರ ಬರಲಿಲ್ಲ.

ಮರುದಿನ ಬುಧವಾರ, ಮಧ್ಯಾಹ್ನ ಎರಡೂವರೆಗೆ, ಅರ್ಧ ಎಳೆದ ಶಟರಿನ ಕೆಳಗಿಂದ ಬಗ್ಗಿ ಮಗಳು ಒಳಗೆ ಬಂದಳು. ಹನ್ನೊಂದನೇ ಕ್ಲಾಸಿನ ಹುಡುಗಿ, ಶಾಲೆಯ ಯೂನಿಫಾರಂ, ಹೆಗಲಲ್ಲಿ ಬ್ಯಾಗ್. ಒಬ್ಬಳೇ ಬಸ್ಸು ಹತ್ತಿ ರೂವಿಗೆ ಬಂದಿದ್ದಳು. ಕೈಯಲ್ಲಿ ಒಂದು ಪ್ರಿಂಟ್ ಇತ್ತು. ಅಪ್‌ಗ್ರೇಡ್ ಆದ ಹತ್ತು ದಿನದೊಳಗೆ ಹಳೆಯದಕ್ಕೆ ಹಿಂದಿರುಗಬಹುದು ಎಂದು ಇಂಟರ್ನೆಟ್ಟಿನಲ್ಲಿ ಓದಿದ್ದಾಳೆ. ಭಾನುವಾರ ಸಂಜೆಯಿಂದ ಎಣಿಸಿದರೆ ಇವತ್ತು ಸಂಜೆಗೆ ಹತ್ತು ದಿನ. ಈಗ ಹಿಂದಿರುಗಿಸಿದರೆ ಡಿ ಡ್ರೈವ್ ಬರುತ್ತದೆಯೇ ಎಂದು ಕೇಳಲು ಬಂದಿದ್ದಳು. ಸಂಜೆ ತನಕ ಕಾದರೆ ಗಡುವು ಮುಗಿದೀತು ಎಂದು ಶಾಲೆಯಿಂದ ನೇರ ಇಲ್ಲಿಗೆ.

"ಡ್ಯಾಡಾ ಅಪ್‌ಗ್ರೇಡ್ ಮಾಡ್ಲಿಕ್ಕೆ ಹೇಳ್ಲಿಲ್ಲ ಅಂಕಲ್. ಐ ಓನ್ಲಿ ಪ್ರೆಸ್ಡ್ ಇಟ್," ಎಂದಳು. ಕನ್ನಡ ಅಷ್ಟಕ್ಕೇ ಮುಗಿಯಿತು. ಉಳಿದದ್ದನ್ನು ಇಂಗ್ಲಿಷ್‌ನಲ್ಲಿ, ಹೋಂವರ್ಕ್ ಒಪ್ಪಿಸುವ ಹಾಗೆ ಸಾಲಾಗಿ ಹೇಳಿದಳು. ಅಪ್‌ಗ್ರೇಡಿಗೆ ಮೊದಲು ಕಾಪಿ ತೆಗೆಯಿರಿ ಎಂಬ ಎಚ್ಚರಿಕೆ ಬಂದಿತ್ತು, ಅದನ್ನು ಓದದೆ ಮುಂದೆ ಹೋದಳು, ಅದನ್ನು ಮನೆಯಲ್ಲಿ ಹೇಳಿಲ್ಲ. ನಿನ್ನೆಯಿಂದ ಅಪ್ಪನ ಎದುರು ಹೋಗಿಲ್ಲ.

ಅವಳು ಕೂತಿದ್ದು ನಾನು ಆ ಬಟನ್ ಒತ್ತಿದ ಅದೇ ಮೇಜಿನ ಮುಂದೆ. ನನ್ನ ಒಂದು ಮೆಸೇಜು ಎಲ್ಲಿ ಹೋಗಿ ಬಿದ್ದಿದೆ ಎಂದು ಆಗ ಕಂಡಿತು. ನಾನು ತಪ್ಪನ್ನು ಯಂತ್ರದ ತಲೆಗೆ ಕಟ್ಟಿದೆ ಎಂದುಕೊಂಡಿದ್ದೆ. ಕಟ್ಟಿದ್ದು ಈ ಹುಡುಗಿಯ ತಲೆಗೆ. ಇನ್ನೊಂದು ಸುಳ್ಳು ಹೇಳಿ ಇವಳನ್ನು ಸಮಾಧಾನ ಮಾಡುವುದು ಕಷ್ಟವೇನೂ ಇರಲಿಲ್ಲ. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ನೀನಲ್ಲ ಮಗಾ. ನಿನ್ನ ಅಪ್‌ಗ್ರೇಡಿನಲ್ಲಿ ಏನೂ ಹೋಗಿರಲಿಲ್ಲ. ನಾನು ಅಳಿಸಿದ್ದು," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಹಿಂದಿ, ಇಂಗ್ಲಿಷ್ ಬೆರೆಸಿ ಹೇಳಿದೆ. ಮತ್ತೆ ಕಾರು ತೆಗೆದು ಅವಳನ್ನು ಕೂರಿಸಿಕೊಂಡು ಅಲ್ ಖುವೈರ್‌ಗೆ ಹೊರಟೆ. ಹೈವೇಯಲ್ಲಿ ಎಂದಿನ ಜಾಮ್.

ಪೊರ್ಬುಗಳು ಬಾಲ್ಕನಿಯ ಬಾಗಿಲ ಬಳಿ ಕೂತಿದ್ದರು. ಮಡಿಲಲ್ಲಿ ಸಣ್ಣ ಬಿಳಿ ಬೋರ್ಡ್, ಮಾರ್ಕರ್. ನಿಂತುಕೊಂಡೇ ಹೇಳಿದೆ, ಮೊದಲಿಂದ ಕೊನೆ ತನಕ: ಮೆನು, ಪೆಟ್ಟಿಗೆ, ಬಲಗಡೆಯ ಬಟನ್, ಮೆಸೇಜಿನ ಸುಳ್ಳು. ಅವರು ಬೋರ್ಡಿನ ಮೇಲೆ ಒಂದೇ ಅಂಕಿ ಬರೆದು ನನ್ನ ಕಡೆ ಹಿಡಿದರು: 90, ಮುಂದೆ ಪ್ರಶ್ನಾರ್ಥಕ ಚಿಹ್ನೆ. ಅದೂ ಇಲ್ಲ ಎಂದೆ. ಒರೆಸಿದರು. ಮಗಳನ್ನು ಹತ್ತಿರ ಕರೆದು ಏನೋ ಇಂಗ್ಲಿಷಿನಲ್ಲಿ ಬರೆದು ತೋರಿಸಿದರು. ಅವಳು ಅವರ ಭುಜಕ್ಕೆ ಮುಖ ಒತ್ತಿದಳು. ಅವರು ಅಳುತ್ತಿದ್ದರು, ಧ್ವನಿಪೆಟ್ಟಿಗೆ ಇಲ್ಲದವರ ಅಳುವಿಗೆ ಸದ್ದಿರುವುದಿಲ್ಲ, ಕೊರಳ ಬಟ್ಟೆ ಮಾತ್ರ ಒಳಗೆ ಹೊರಗೆ ಆಡುತ್ತಿರುತ್ತದೆ. ನನಗೆ ಅವರು ಏನೂ ಬರೆಯಲಿಲ್ಲ.

ಲಿಫ್ಟಿನ ತನಕ ಬಂದವರು ಬಾಯಮ್ಮ.

"ನೀವು ನಮ್ಮ ಹತ್ತಿರ ದುಡ್ಡು ತಗೊಳ್ಬೇಕಿತ್ತು ಅಣ್ಣ," ಎಂದರು. "ದುಡ್ಡು ತಗೊಂಡಿದ್ರೆ ಕಾಪಿ ಮಾಡ್ತಿದ್ರಿ."

ಅವರು ಬೈಯಲು ಹೇಳಿದ್ದಲ್ಲ. ಲೆಕ್ಕ ತಿದ್ದುವವರ ಹಾಗೆ, ತಪ್ಪು ಎಲ್ಲಿ ಎಂದು ತೋರಿಸಿದರು.

ಆಮೇಲೆ ಒಂದು ತಿಂಗಳು ಊರವರ ಮನೆ ಮನೆ ಸುತ್ತಿದೆ. ಹಳೆಯ ಫೋನು, ಸಮಾರಂಭದ ವೀಡಿಯೊ, ವಾಟ್ಸಾಪಿನ ವಾಯ್ಸ್ ಮೆಸೇಜು, ಎಲ್ಲಿ ಅವರ ದನಿ ಇದೆಯೋ ಎಲ್ಲ ಕೂಡಿಸಿದೆ. ವೀಡಿಯೊಗಳಲ್ಲಿ ಹಿಂದೆ ಹಾಡು, ಗಲಾಟೆ. ಬಿಡಿಸಿ ತೆಗೆಯಲು ಬಾರದು. ಸ್ಪಷ್ಟವಾಗಿದ್ದ ವಾಯ್ಸ್ ಮೆಸೇಜು ನಲವತ್ತಮೂರು. ಅದರಲ್ಲಿ ಮೂವತ್ತು ಒಂದೇ ಮಾತು: ನಾನು ಕೆಳಗೆ ಪಾರ್ಕಿಂಗಿನಲ್ಲಿದ್ದೇನೆ, ಬೇಗ ಬನ್ನಿ. ಅಷ್ಟು ಮಾದರಿ ಸಾಕು, ಕಂಪ್ಯೂಟರ್ ಅದೇ ದನಿ ಹುಟ್ಟಿಸುತ್ತದೆ ಎಂದು ಒಬ್ಬರು ಹೇಳಿದರು. ಮಾಡಿಸಿದೆವು. ಇಂಗ್ಲಿಷ್ ಸುಮಾರಾಗಿ ಬಂತು. ಕೊಂಕಣಿ ಹೇಳಿಸಿದಾಗ ಯಾರೋ ಅಪರಿಚಿತರು ಅವರ ಅಂಗಿ ತೊಟ್ಟು ಬಂದ ಹಾಗಿತ್ತು. ಪೊರ್ಬುಗಳು ಒಂದು ಸಲ ಕೇಳಿ ಕೈ ಆಡಿಸಿದರು, ಬೇಡ. ಈಗ ಅವರ ಟ್ಯಾಬ್ ಎಲ್ಲರಿಗೂ ಸಿಗುವ ಗಂಡು ದನಿಯಲ್ಲಿ ಮಾತಾಡುತ್ತದೆ. ದಾರಿಯಲ್ಲಿ ಸಿಕ್ಕರೆ ತಲೆ ಆಡಿಸುತ್ತಾರೆ. ಅಂಗಡಿಗೆ ಬರುವುದಿಲ್ಲ, ನಾನು ಕರೆಯುವುದೂ ಇಲ್ಲ.

ಇಷ್ಟು ಓದಿದ ನಿಮಗೆ ನಾನು ಹೇಳುವುದು ಇಷ್ಟು. ಅಪ್‌ಗ್ರೇಡಿನ ನಂತರ ಏನಾದರೂ ಕಾಣೆಯಾದರೆ ಗಾಬರಿ ಬೇಡ, ಹೆಸರು ಮತ್ತು ಜಾಗ ಬದಲಾಗಿರುತ್ತದೆ. ಮೇಲೆ ಬರೆದ ಕಮಾಂಡನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆದರೆ ಸಿಕ್ಕಿತು ಎಂದು ಕೂಡಲೇ ಕೈ ಹಾಕಬೇಡಿ. ಮೊದಲು ಕಾಪಿ, ಮತ್ತೆ ಕೆಲಸ. ಆ ಕಾಪಿಯನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ. ತೆರೆಯದ ಕಾಪಿ ಕಾಪಿಯಲ್ಲ. ಓದಲು ಬಾರದ ಪೆಟ್ಟಿಗೆ ಎದ್ದರೆ ಯಾವ ಬಟನ್ನನ್ನೂ ಒತ್ತಬೇಡಿ, ಬೇಡ ಎನ್ನುವುದನ್ನೂ. ಫೋನಿನ ಕ್ಯಾಮೆರಾ ಅದರ ಮುಂದೆ ಹಿಡಿದರೆ ಅನುವಾದ ಮಾಡಿ ತೋರಿಸುತ್ತದೆ. ಇಲ್ಲದಿದ್ದರೆ ಪಕ್ಕದವರನ್ನು ಕರೆಯಿರಿ. ಎಸ್ಎಸ್‌ಡಿಯಲ್ಲಿ ಏನಾದರೂ ಅಳಿಸಿಹೋದರೆ ಪವರ್ ಬಟನ್ ಒತ್ತಿ ಹಿಡಿದು ತಕ್ಷಣ ಆರಿಸಿ, ಆಮೇಲೆ ಯೋಚನೆ ಮಾಡಿ. ರಿಪೇರಿಗೆ ಕೊಡುವವರು ನೀವಾದರೆ, ಅಂಗಡಿಯವನು ನಿಮ್ಮವನೇ ಆದರೂ ಕಾರ್ಡ್ ಬರೆಸಿ, ದುಡ್ಡು ಕೊಡಿ. ಬೇಡ ಎಂದರೆ ಬೇರೆ ಅಂಗಡಿಗೆ ಹೋಗಿ.

ಅಂಗಡಿಯವರು ನೀವಾದರೆ, ಕೈ ತಪ್ಪಿದ ದಿನವೇ ಹೋಗಿ ಹೇಳಿ. ಅವರು ಬೈಯಲಿ, ಹೊಡೆಯಲಿ. ನಾನು ಒಂಬತ್ತನೆಯ ದಿನ ಹೇಳಿದೆ. ಅಷ್ಟರಲ್ಲಿ ಆ ಮನೆಯವರು ಎಲ್ಲ ಬಟನ್ನುಗಳಿಗೂ ಬಣ್ಣ ಹಚ್ಚಿ ಮುಗಿಸಿದ್ದರು.